ನೋಡಿದ ಜಾಗ ಕಳೆಯದಿರಲಿ: ಆಂಡ್ರಾಯ್ಡ್ ಆ್ಯಪ್‌ನಲ್ಲಿ ವಿಡಿಯೋ ನಿಂತಲ್ಲಿಂದಲೇ ಮುಂದುವರಿಯಲು ಸಮಗ್ರ ಮಾರ್ಗದರ್ಶಿ

ರಾತ್ರಿಯಿಡೀ ಆಡಿದ ಯಕ್ಷಗಾನದ ರೆಕಾರ್ಡಿಂಗ್ ಎಂದರೆ ಏಳೆಂಟು ಗಂಟೆ. ಅಂಥ ವಿಡಿಯೋಗಳಿಗೆಂದೇ ಒಂದು ಪುಟ್ಟ ಆ್ಯಪ್ ಮಾಡಿದ್ದೆ. ಹೊರಗೆ ಬಿಟ್ಟು ವಾರವಾಗಿರಲಿಲ್ಲ, ಹಿರಿಯರೊಬ್ಬರ ಫೋನ್ ಬಂತು. "ನಾಲ್ಕು ಗಂಟೆ ನೋಡಿದ್ದೆ ಮಾರಾಯ್ರೆ. ನಡುವೆ ಮೊಮ್ಮಗಳ ಒಂದು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಬಂದು ನೋಡಿದರೆ ಮತ್ತೆ ಚೌಕಿ ಪೂಜೆಯಿಂದ ಶುರು!" ಚೌಕಿ ಪೂಜೆ ಎಂದರೆ ಆಟದ ಆರಂಭದ ಪೂಜೆ.

ನನ್ನ ಫೋನಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ತಿರುಗಿಸಿ ನೋಡಿದೆ, ಬೇರೆ ಆ್ಯಪ್‌ಗೆ ಹೋಗಿ ಬಂದೆ, ಏನೂ ಆಗಲಿಲ್ಲ. ವ್ಯತ್ಯಾಸ ಇದ್ದದ್ದು ಮೆಮೊರಿಯಲ್ಲಿ. ನನ್ನದು 8 ಜಿಬಿ ಫೋನು, ಅವರದು 2 ಜಿಬಿ. ಕ್ಯಾಮೆರಾ ತೆರೆದ ಕೂಡಲೇ ಅವರ ಫೋನಿಗೆ ಮೆಮೊರಿ ಸಾಲಲಿಲ್ಲ. ಹಿನ್ನೆಲೆಯಲ್ಲಿ ಸುಮ್ನೆ ಕೂತಿದ್ದ ನನ್ನ ಆ್ಯಪ್‌ನ ಪ್ರಾಸೆಸನ್ನು, ಅಂದರೆ ಮೆಮೊರಿಯಲ್ಲಿದ್ದ ಇಡೀ ಆ್ಯಪನ್ನು, ಆಂಡ್ರಾಯ್ಡ್ ಕೊಂದು ಹಾಕಿತ್ತು. ನೋಡಿದ ಜಾಗವನ್ನು ನಾನು ಇಟ್ಟಿದ್ದದ್ದು ಪ್ಲೇಯರ್‌ನ ಹೊಟ್ಟೆಯೊಳಗೆ ಮಾತ್ರ. ಪ್ಲೇಯರ್ ಹೋಯಿತು, ಜಾಗವೂ ಹೋಯಿತು.

ಅಂದಿನಿಂದ ಪ್ಲೇಯರನ್ನು ನಾನು ಬಾಡಿಗೆ ಸೈಕಲ್ಲಿನಂತೆ ನೋಡುತ್ತೇನೆ. ಯಾವ ಹೊತ್ತಿನಲ್ಲೂ ಅದನ್ನು ವಾಪಸ್ ಕೇಳಬಹುದು. ಹಾಗಾಗಿ ಅದರ ಬುಟ್ಟಿಯಲ್ಲಿ ನಮ್ಮ ಸಾಮಾನು ಇಡಬಾರದು. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಇದೊಂದೇ ಮಾತಿನ ಸುತ್ತ ಇವೆ.

ಇಲ್ಲಿ ಹೇಳುವುದು ಕಾಟ್ಲಿನ್ ಭಾಷೆ ಮತ್ತು ವಿಡಿಯೋ ಓಡಿಸುವ ಎಕ್ಸೊಪ್ಲೇಯರ್ ಲೈಬ್ರರಿ ಬಳಸುವ ಆಂಡ್ರಾಯ್ಡ್ ಆ್ಯಪ್‌ಗಳ ಬಗ್ಗೆ. ಎಕ್ಸೊಪ್ಲೇಯರ್ ಈಗ ಜೆಟ್‌ಪ್ಯಾಕ್ ಮೀಡಿಯಾ3ರ ಭಾಗ. ಮೀಡಿಯಾ3ರ ಮೊದಲ ಸ್ಥಿರ ಆವೃತ್ತಿ 2023ರಲ್ಲಿ ಬಂತು. ನಿಮ್ಮ ಪ್ರಾಜೆಕ್ಟ್ ಇನ್ನೂ ಹಳೆಯ ಎಕ್ಸೊಪ್ಲೇಯರ್2 ಪ್ಯಾಕೇಜನ್ನೇ ಹಿಡಿದುಕೊಂಡಿದ್ದರೆ ಮೊದಲು ಅದನ್ನು ಬದಲಿಸಿ, ಅದಕ್ಕೆ ಹೊಸ ಆವೃತ್ತಿಗಳು ಬರುವುದು ನಿಂತಿದೆ. ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಬಾಯಲ್ಲಿ ಹೇಳಿಕೊಂಡು ಎಡಿಟರ್‌ನಲ್ಲಿ ಎರಡು ಅಕ್ಷರ ಹೊಡೆದರೆ ಸಾಕು, ಉಳಿದದ್ದನ್ನು ಅದೇ ತುಂಬಿಸುತ್ತದೆ.

ನಾಲ್ಕು ಬಗೆಯ ಸಾವು

ಕೋಡ್ ಮುಟ್ಟುವ ಮೊದಲು ಒಂದು ಪ್ರಶ್ನೆ. ವಿಡಿಯೋ ನಿಂತದ್ದು ಯಾಕೆ? ಉತ್ತರ ಬೇರೆಯಾದರೆ ಜಾಗ ಉಳಿಸುವ ಡಬ್ಬಿಯೂ ಬೇರೆ.

ಮೊದಲನೆಯದು ಸಣ್ಣ ಸಾವು. ಫೋನ್ ತಿರುಗಿಸಿದರೆ ಆಕ್ಟಿವಿಟಿ, ಅಂದರೆ ಆ್ಯಪ್‌ನ ಆ ಒಂದು ಪರದೆ, ಮಾತ್ರ ಸತ್ತು ಹೊಸದಾಗಿ ಹುಟ್ಟುತ್ತದೆ. ತಿರುಗಿಸುವುದೊಂದೇ ಅಲ್ಲ. ಅಕ್ಷರದ ಗಾತ್ರ ಹೆಚ್ಚಿಸಿದರೂ, ಡಾರ್ಕ್ ಮೋಡ್ ಹಾಕಿದರೂ, ಭಾಷೆ ಬದಲಿಸಿದರೂ, ಪರದೆಯನ್ನು ಎರಡು ಭಾಗ ಮಾಡಿದರೂ ಇದೇ ಕಥೆ. ಪ್ರಾಸೆಸ್ ಬದುಕಿರುತ್ತದೆ, ಪರದೆಯ ಮಾಹಿತಿ ಇಟ್ಟುಕೊಳ್ಳುವ ವ್ಯೂಮಾಡೆಲ್ ಕೂಡ ಬದುಕಿರುತ್ತದೆ.

ಎರಡನೆಯದು ಆ ಹಿರಿಯರ ಫೋನಿನಲ್ಲಿ ಆದದ್ದು. ಆ್ಯಪ್ ಹಿನ್ನೆಲೆಯಲ್ಲಿದ್ದಾಗ ಇಡೀ ಪ್ರಾಸೆಸ್ ಸಾಯುತ್ತದೆ. ವ್ಯೂಮಾಡೆಲ್ ಅದರ ಜೊತೆಗೇ ಹೋಗುತ್ತದೆ. ಉಳಿಯುವುದು ಸೇವ್ಡ್ ಸ್ಟೇಟ್ ಬಂಡಲ್ ಎಂಬ ಸಣ್ಣ ಗಂಟು ಮಾತ್ರ. ಅದನ್ನು ನಮ್ಮ ಪ್ರಾಸೆಸ್ಸಿನ ಹೊರಗೆ, ಆಂಡ್ರಾಯ್ಡ್ ಸಿಸ್ಟಂ ಕಾದಿಟ್ಟಿರುತ್ತದೆ.

ಮೂರನೆಯದು ನೋಡುಗರೇ ಕೊಡುವ ಸಾವು. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ತಳ್ಳಿ ತೆಗೆಯುವುದು, ಬ್ಯಾಕ್ ಒತ್ತಿ ಪ್ಲೇಯರ್ ಪರದೆಯಿಂದ ಹೊರಬರುವುದು, ಫೋರ್ಸ್ ಸ್ಟಾಪ್, ಫೋನ್ ಆಫ್. ಇಲ್ಲಿ ಬಂಡಲ್ ಕೂಡ ಸಿಗದು. ಡಿಸ್ಕ್‌ನಲ್ಲಿ ಬರೆದದ್ದಷ್ಟೇ ಗತಿ.

ನಾಲ್ಕನೆಯದರಲ್ಲಿ ಫೋನೇ ಬೇರೆ. ಸಂಜೆ ಬಸ್ಸಿನಲ್ಲಿ ಫೋನಿನಲ್ಲಿ ನೋಡಿದ್ದನ್ನು ರಾತ್ರಿ ಟಿವಿಯಲ್ಲಿ ಮುಂದುವರಿಸಬೇಕು. ಅದಕ್ಕೆ ಸರ್ವರ್ ಬೇಕು.

ನಾನು ನೋಡಿದ ಹೆಚ್ಚಿನ ಆ್ಯಪ್‌ಗಳು ಮೊದಲನೆಯದನ್ನು ಸರಿ ಮಾಡಿ ಕೈತೊಳೆದುಕೊಂಡಿರುತ್ತವೆ. ಯಾಕೆಂದರೆ ಮೇಜಿನ ಮುಂದೆ ಕೂತ ಡೆವಲಪರ್‌ಗೆ ಕಾಣುವುದು ಅದೊಂದೇ.

ಎರಡು ಅಡ್ಡದಾರಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು, ಮ್ಯಾನಿಫೆಸ್ಟ್‌ನಲ್ಲಿ ಕಾನ್ಫಿಗ್‌ಚೇಂಜಸ್ ಬರೆದು ಆಕ್ಟಿವಿಟಿ ಸಾಯದಂತೆ ತಡೆಯುವುದು. ವಿಡಿಯೋ ಪರದೆಗೆ ಇದು ತಪ್ಪೇನಲ್ಲ, ತಿರುಗಿಸುವಾಗ ಆಟ ನುಣುಪಾಗಿ ಸಾಗುತ್ತದೆ. ಆದರೆ ಇದು ಮೊದಲ ಸಾವಿಗೆ ಮಾತ್ರ ಮದ್ದು. ಉಳಿದ ಮೂರನ್ನು ಕಣ್ಣಿಂದ ಮರೆಮಾಡುತ್ತದೆ, ಅಪಾಯ ಇರುವುದು ಅಲ್ಲೇ. ಇನ್ನೊಂದು, ಪರದೆಯನ್ನು ಉದ್ದಕ್ಕೋ ಅಡ್ಡಕ್ಕೋ ಲಾಕ್ ಮಾಡುವುದು. ಆಂಡ್ರಾಯ್ಡ್ 16ನ್ನು ಟಾರ್ಗೆಟ್ ಮಾಡಿದ ಆ್ಯಪ್‌ಗಳಲ್ಲಿ, ಕನಿಷ್ಠ ಅಗಲ 600 ಡಿಪಿ ಅಥವಾ ಅದಕ್ಕಿಂತ ಜಾಸ್ತಿ ಇರುವ ಪರದೆಗಳಲ್ಲಿ ಸಿಸ್ಟಂ ಆ ಲಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟ್ಯಾಬ್ಲೆಟ್, ಮಡಚುವ ಫೋನುಗಳಲ್ಲಿ ಗುಟ್ಟು ಬಯಲಾಗುತ್ತದೆ.

ಹೆಜ್ಜೆ 1: ಏನನ್ನು ಉಳಿಸಬೇಕು ಎಂದು ತೀರ್ಮಾನಿಸಿ

ಮುಖ್ಯವಾದವು ಮೂರು: ಯಾವ ವಿಡಿಯೋ, ಎಷ್ಟನೇ ಮಿಲಿಸೆಕೆಂಡ್, ಓಡುತ್ತಿತ್ತೋ ನಿಂತಿತ್ತೋ. ಇವು ಮೂರೂ ಸುಲಭ ಅನ್ನಿಸುತ್ತವೆ, ಅಲ್ವಾ? ಮೂರರಲ್ಲೂ ಒಂದೊಂದು ಗುಂಡಿ ಇದೆ.

ಯಾವ ವಿಡಿಯೋ ಎನ್ನುವುದಕ್ಕೆ ಯುಆರ್‌ಎಲ್ ಉಳಿಸಬೇಡಿ. ಸಹಿ ಹಾಕಿದ ಯುಆರ್‌ಎಲ್‌ಗಳು ಕೆಲವು ಗಂಟೆಗಳಲ್ಲಿ ಹಳಸುತ್ತವೆ. ಪಟ್ಟಿಯಲ್ಲಿ ಎಷ್ಟನೆಯದು ಎಂಬ ಸಂಖ್ಯೆಯನ್ನೂ ನಂಬಬೇಡಿ, ನಾಳೆ ಆ ಪಟ್ಟಿಗೆ ಹೊಸ ವಿಡಿಯೋ ಸೇರಬಹುದು. ನಿಮ್ಮ ಸರ್ವರ್ ಕೊಟ್ಟ ಬದಲಾಗದ ಗುರುತನ್ನು ಮೀಡಿಯಾಐಟಂನ ಮೀಡಿಯಾಐಡಿಯಲ್ಲಿ ಇಡಿ. ಉಳಿಸುವುದೂ ಅದನ್ನೇ. ತೆರೆಯುವಾಗ ಆ ಗುರುತು ಕೊಟ್ಟು ಹೊಸ ಯುಆರ್‌ಎಲ್ ಪಡೆಯಿರಿ.

ಮಿಲಿಸೆಕೆಂಡ್‌ಗೆ ಎಲ್ಲರೂ ಕರೆಂಟ್‌ಪೊಸಿಷನ್ ಓದುತ್ತಾರೆ. ಜಾಹೀರಾತು ಓಡುತ್ತಿರುವಾಗ ಅದು ಜಾಹೀರಾತಿನ ಜಾಗವನ್ನು ಹೇಳುತ್ತದೆ. ಮೂರು ಗಂಟೆ ನೋಡಿದವರು ಜಾಹೀರಾತಿನ ನಡುವೆ ಎದ್ದು ಹೋದರೆ ಡೇಟಾಬೇಸ್‌ಗೆ "12 ಸೆಕೆಂಡ್" ಎಂದು ಬೀಳುತ್ತದೆ. ಕಂಟೆಂಟ್‌ಪೊಸಿಷನ್ ಓದಿ. ಜಾಹೀರಾತು ಇಲ್ಲದಾಗ ಎರಡೂ ಒಂದೇ, ಹಾಗಾಗಿ ಇದನ್ನೇ ರೂಢಿ ಮಾಡಿಕೊಳ್ಳಿ.

ಓಡುತ್ತಿತ್ತೋ ಇಲ್ಲವೋ ಎನ್ನುವುದಕ್ಕೆ ಈಸ್‌ಪ್ಲೇಯಿಂಗ್ ಬೇಡ, ಪ್ಲೇವೆನ್‌ರೆಡಿ ಬೇಕು. ಬಫರ್ ಆಗುತ್ತಿರುವಾಗ ಈಸ್‌ಪ್ಲೇಯಿಂಗ್ ಸುಳ್ಳು ಎಂದು ಬರುತ್ತದೆ. ಘಾಟಿಯಲ್ಲಿ ಸಿಗ್ನಲ್ ಹೋಗಿ ಚಕ್ರ ತಿರುಗುತ್ತಿದ್ದಾಗ ಫೋನ್ ತಿರುಗಿಸಿದರೆ, ವಾಪಸ್ ಬಂದಾಗ ವಿಡಿಯೋ ಪಾಸ್ ಆಗಿ ನಿಂತಿರುತ್ತದೆ. ನೋಡುಗರು ಪಾಸ್ ಒತ್ತಿರಲೇ ಇಲ್ಲ. ಅವರ ಇಚ್ಛೆಯನ್ನು ಹೇಳುವುದು ಪ್ಲೇವೆನ್‌ರೆಡಿ.

ವೇಗ, ಸಬ್‌ಟೈಟಲ್ ಭಾಷೆ, ಆಡಿಯೋ ಭಾಷೆ ಇವನ್ನೂ ಉಳಿಸಿ. ಆದರೆ ಇವು ಒಂದು ವಿಡಿಯೋಗೆ ಸೇರಿದವಲ್ಲ, ನೋಡುಗರ ಅಭ್ಯಾಸಕ್ಕೆ ಸೇರಿದವು. ಸೆಟ್ಟಿಂಗ್ ಉಳಿಸುವ ಡೇಟಾಸ್ಟೋರ್‌ನಲ್ಲಿ ಒಂದೇ ಕಡೆ ಇದ್ದರೆ ಸಾಕು. ಬಫರ್ ಎಷ್ಟಾಗಿದೆ, ಯಾವ ಗುಣಮಟ್ಟದಲ್ಲಿ ಓಡುತ್ತಿತ್ತು ಎಂಬುದೆಲ್ಲ ಬೇಡ. ಅದನ್ನು ಆ ಹೊತ್ತಿನ ನೆಟ್‌ವರ್ಕ್ ನೋಡಿ ಪ್ಲೇಯರೇ ತೀರ್ಮಾನಿಸಲಿ.

ನೇರ ಪ್ರಸಾರಕ್ಕೆ ಈ ಲೆಕ್ಕವೇ ಬೇರೆ. ಅಲ್ಲಿ ಜಾಗವನ್ನು ಅಳೆಯುವುದು ಸರಿಯುತ್ತಿರುವ ಕಿಟಕಿಯೊಂದರ ಆರಂಭದಿಂದ. ಹತ್ತು ನಿಮಿಷ ಬಿಟ್ಟು ಬಂದರೆ ಆ ಸಂಖ್ಯೆಗೆ ಅರ್ಥವಿಲ್ಲ. ಈಸ್‌ಕರೆಂಟ್‌ಮೀಡಿಯಾಐಟಂಲೈವ್ ನಿಜವಾಗಿದ್ದರೆ ಏನೂ ಉಳಿಸದೆ, ಮರಳಿ ಬಂದಾಗ ಸೀಕ್‌ಟುಡಿಫಾಲ್ಟ್‌ಪೊಸಿಷನ್ ಕರೆಯಿರಿ.

ಹೆಜ್ಜೆ 2: "ನೆನಪಿಡು" ಎಂಬ ಒಂದೇ ಫಂಕ್ಷನ್ ಬರೆಯಿರಿ

ಜಾಗ ಉಳಿಸುವ ಕೋಡ್ ಐದು ಕಡೆ ಚೆಲ್ಲಾಡಿದರೆ ಐದು ಬಗೆಯ ತಪ್ಪು ಬರುತ್ತದೆ. ಹಾಗಾಗಿ ಒಂದೇ ಫಂಕ್ಷನ್. ಅದು ಪ್ಲೇಯರ್‌ನಿಂದ ಮೀಡಿಯಾಐಡಿ, ಕಂಟೆಂಟ್‌ಪೊಸಿಷನ್, ಡ್ಯುರೇಷನ್, ಪ್ಲೇವೆನ್‌ರೆಡಿ ಓದುತ್ತದೆ. ವ್ಯೂಮಾಡೆಲ್‌ನ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ಗೆ ಹಾಕುತ್ತದೆ, ಅಲ್ಲಿ ಹಾಕಿದ್ದು ಬಂಡಲ್‌ಗೆ ಸೇರುತ್ತದೆ. ನಂತರ ಡಿಸ್ಕ್‌ಗೆ ಬರೆಯಲು ಕಳಿಸುತ್ತದೆ.

ಎಕ್ಸೊಪ್ಲೇಯರನ್ನು ಒಂದೇ ಥ್ರೆಡ್‌ನಿಂದ ಮುಟ್ಟಬೇಕು, ಸಾಮಾನ್ಯವಾಗಿ ಅದು ಮೇನ್ ಥ್ರೆಡ್. ಹಿನ್ನೆಲೆ ಕೆಲಸದ ಐಓ ಡಿಸ್ಪ್ಯಾಚರ್ ಒಳಗೆ ಕೂತು ಪೊಸಿಷನ್ ಓದಲು ಹೋದರೆ ಎಕ್ಸೆಪ್ಷನ್ ಎಸೆಯುತ್ತದೆ. ಮೊದಲು ಮೇನ್ ಥ್ರೆಡ್‌ನಲ್ಲಿ ಸಂಖ್ಯೆಗಳನ್ನು ಓದಿಕೊಳ್ಳಿ. ಆಮೇಲೆ ಆ ಸಂಖ್ಯೆಗಳನ್ನು ಮಾತ್ರ ಹಿನ್ನೆಲೆಗೆ ದಾಟಿಸಿ.

ಬಂಡಲ್‌ಗೆ ಹಾಕುವುದು ನಾಲ್ಕೈದು ಸಣ್ಣ ಮೌಲ್ಯಗಳಷ್ಟೇ ಆಗಿರಲಿ. ಇಡೀ ಪ್ಲೇಲಿಸ್ಟನ್ನು, ಥಂಬ್‌ನೇಲ್ ಬಿಟ್‌ಮ್ಯಾಪನ್ನು ಅದರೊಳಗೆ ತುರುಕಿದ ಕೋಡ್ ನೋಡಿದ್ದೇನೆ. ಬಂಡಲ್ ಹೋಗುವ ಬೈಂಡರ್ ದಾರಿಯ ಬಫರ್ ಇಡೀ ಪ್ರಾಸೆಸ್‌ಗೆ ಸೇರಿ 1 ಎಂಬಿ ಮಾತ್ರ. ಅದು ತುಂಬಿದರೆ ಆ್ಯಪ್ ಕ್ರ್ಯಾಶ್.

ಹೆಜ್ಜೆ 3: ಯಾವಾಗ ಕರೆಯಬೇಕು

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ತಲೆನೋವು ಕೊಟ್ಟದ್ದು ಇದೇ. ನಿಧಾನವಾಗಿ ನೋಡೋಣ.

ಪರದೆ ಹಿಂದೆ ಸರಿಯುವಾಗ ಆಂಡ್ರಾಯ್ಡ್ ನಮ್ಮ ಆಕ್ಟಿವಿಟಿಯ ಆನ್‌ಪಾಸ್ ಕರೆಯುತ್ತದೆ, ಪೂರ್ತಿ ಮರೆಯಾದಾಗ ಆನ್‌ಸ್ಟಾಪ್, ಬಂಡಲ್ ಕಟ್ಟುವಾಗ ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್. ಸಹಜವಾಗಿ ಬರೆಯುವ ಕೋಡ್ ಹೀಗಿರುತ್ತದೆ: ಆನ್‌ಸ್ಟಾಪ್‌ನಲ್ಲಿ ಪ್ಲೇಯರನ್ನು ರಿಲೀಸ್ ಮಾಡು, ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್‌ನಲ್ಲಿ ಪ್ಲೇಯರ್‌ನ ಪೊಸಿಷನ್ ಓದಿ ಬಂಡಲ್‌ಗೆ ಹಾಕು. ಓದಲು ಚೆನ್ನಾಗಿದೆ. ಆದರೆ ಆಂಡ್ರಾಯ್ಡ್ 9, ಅಂದರೆ ಎಪಿಐ 28ರಿಂದ ಈ ಎರಡರ ಸರದಿ ಬದಲಾಗಿದೆ. ಹಳೆಯ ಆವೃತ್ತಿಗಳಲ್ಲಿ ಸೇವ್ ಮೊದಲು, ಸ್ಟಾಪ್ ನಂತರ. ಹೊಸ ಆವೃತ್ತಿಗಳಲ್ಲಿ ಸ್ಟಾಪ್ ಮೊದಲು, ಸೇವ್ ನಂತರ. ಹೊಸ ಫೋನುಗಳಲ್ಲಿ ಸೇವ್ ಮಾಡಲು ಹೋಗುವ ಹೊತ್ತಿಗೆ ಪ್ಲೇಯರ್ ಸತ್ತಿರುತ್ತದೆ, ವೇರಿಯೇಬಲ್ ನಲ್ ಆಗಿರುತ್ತದೆ. "ನಲ್ ಆದರೆ ಸೊನ್ನೆ" ಎಂದು ಯಾರೋ ಜಾಣರು ಬರೆದಿರುತ್ತಾರೆ. ಸೊನ್ನೆ ಉಳಿಯುತ್ತದೆ. ಎಲ್ಲೂ ಎರರ್ ಕಾಣುವುದಿಲ್ಲ.

ಹಾಗಾದರೆ ಎಲ್ಲವನ್ನೂ ಆನ್‌ಸ್ಟಾಪ್‌ನಲ್ಲೇ ಮಾಡೋಣ ಎಂದರೆ ಈಗ ಹಳೆಯ ಫೋನುಗಳು ಕೈಕೊಡುತ್ತವೆ. ಅಲ್ಲಿ ಬಂಡಲ್ ಆಗಲೇ ಕಟ್ಟಿ ಮುಗಿದಿರುತ್ತದೆ. ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದಂತೆ.

ನನ್ನ ಪರಿಹಾರ ಸರಳ. "ನೆನಪಿಡು" ಫಂಕ್ಷನನ್ನು ಮೂರು ಕಡೆ ಕರೆಯುತ್ತೇನೆ. ಆನ್‌ಪಾಸ್‌ನಲ್ಲಿ ಒಮ್ಮೆ, ಇದು ಎಲ್ಲ ಆವೃತ್ತಿಗಳಲ್ಲೂ ಬಂಡಲ್ ಕಟ್ಟುವ ಮೊದಲೇ ಬರುತ್ತದೆ. ಆನ್‌ಸ್ಟಾಪ್‌ನಲ್ಲಿ ಮತ್ತೊಮ್ಮೆ, ರಿಲೀಸ್ ಮಾಡುವ ಮೊದಲ ಸಾಲಿನಲ್ಲೇ. ಜೊತೆಗೆ ವಿಡಿಯೋ ಓಡುತ್ತಿರುವಾಗ ಪ್ರತಿ 5 ಸೆಕೆಂಡ್‌ಗೆ ಒಮ್ಮೆ. ಒಂದೇ ಸಂಖ್ಯೆಯನ್ನು ಎರಡು ಸಲ ಬರೆದರೆ ನಷ್ಟವಿಲ್ಲ.

ಪ್ರತಿ 5 ಸೆಕೆಂಡ್‌ನದು ಯಾಕೆ ಎಂದರೆ, ಎಲ್ಲ ಸಾವೂ ಹೇಳಿ ಬರುವುದಿಲ್ಲ. ಆ್ಯಪ್ ಕ್ರ್ಯಾಶ್ ಆಗಬಹುದು, ಫೋನ್ ದಿಢೀರನೆ ಸ್ವಿಚ್ ಆಫ್ ಆಗಬಹುದು. ಆಗ ಯಾವ ಕಾಲ್‌ಬ್ಯಾಕೂ ಬರುವುದಿಲ್ಲ. ಆನ್‌ಡಿಸ್ಟ್ರಾಯ್ ಬಂದೇ ಬರುತ್ತದೆ ಎಂದು ನಂಬಿ ಅಲ್ಲಿ ಉಳಿಸುವ ಕೋಡ್ ಇಟ್ಟಿದ್ದರೆ ಇವತ್ತೇ ಕಿತ್ತುಹಾಕಿ.

ಆನ್‌ಪಾಸ್‌ನಲ್ಲಿ ನೆನಪಿಡಬೇಕು, ಆದರೆ ಪ್ಲೇಯರನ್ನು ನಿಲ್ಲಿಸಬಾರದು. ಪರದೆ ಎರಡು ಭಾಗವಾಗಿರುವಾಗ, ಪಿಕ್ಚರ್ ಇನ್ ಪಿಕ್ಚರ್ ಕಿಟಕಿಯಲ್ಲಿರುವಾಗ ಆಕ್ಟಿವಿಟಿ ಪಾಸ್ ಸ್ಥಿತಿಯಲ್ಲಿದ್ದರೂ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ರಿಲೀಸ್ ಆಗಬೇಕಾದದ್ದು ಆನ್‌ಸ್ಟಾಪ್‌ನಲ್ಲಿ.

ತಿರುಗಿಸಿದಾಗಲೂ ಆನ್‌ಸ್ಟಾಪ್ ಬರುತ್ತದೆ. ಆಗ ರಿಲೀಸ್ ಮಾಡಿದರೆ ಕಪ್ಪು ಪರದೆ, ಮತ್ತೆ ಬಫರ್. ಅದಕ್ಕೆ ಪ್ಲೇಯರನ್ನು ವ್ಯೂಮಾಡೆಲ್‌ನಲ್ಲಿ ಇಡಿ, ಆಕ್ಟಿವಿಟಿಯ ಕಾಂಟೆಕ್ಸ್ಟ್ ಕೊಡದೆ ಅಪ್ಲಿಕೇಷನ್ ಕಾಂಟೆಕ್ಸ್ಟ್ ಕೊಟ್ಟು ಕಟ್ಟಿ. ಆನ್‌ಸ್ಟಾಪ್‌ನಲ್ಲಿ ಈಸ್‌ಚೇಂಜಿಂಗ್‌ಕಾನ್ಫಿಗರೇಷನ್ಸ್ ಕೇಳಿ. ನಿಜವಾದರೆ ಪ್ಲೇಯರ್‌ವ್ಯೂನಿಂದ ಬಿಡಿಸಿ ಹಾಗೇ ಬಿಡಿ, ಸುಳ್ಳಾದರೆ ರಿಲೀಸ್ ಮಾಡಿ. ಹಿನ್ನೆಲೆಗೆ ಹೋದ ಮೇಲೂ ಪ್ಲೇಯರನ್ನು ಹಿಡಿದುಕೊಂಡು ಕೂರಬೇಡಿ. ಫೋನಿನ ಹಾರ್ಡ್‌ವೇರ್ ಡಿಕೋಡರ್‌ಗಳು ಎಣಿಕೆಯವು, ಪಕ್ಕದ ಆ್ಯಪ್‌ಗೂ ಬೇಕು.

ಪರದೆ ಕಟ್ಟಲು ಕಾಂಪೋಸ್ ಬಳಸುವವರಿಗೆ ಒಂದೇ ಮಾತು: ರಿಮೆಂಬರ್ ಒಳಗೆ ಪ್ಲೇಯರ್ ಹುಟ್ಟಿಸಬೇಡಿ. ತಿರುಗಿಸಿದರೆ ರಿಮೆಂಬರ್ ಮರೆಯುತ್ತದೆ. ಹೆಸರು ನೋಡಿ ಮೋಸ ಹೋಗಬಾರದು.

ಹೆಜ್ಜೆ 4: ಡಿಸ್ಕ್‌ಗೆ ಬರೆಯಿರಿ

ಆಂಡ್ರಾಯ್ಡ್‌ನ ಡೇಟಾಬೇಸ್ ಲೈಬ್ರರಿಯಾದ ರೂಮ್‌ನಲ್ಲಿ ಒಂದು ಟೇಬಲ್ ಸಾಕು. ಕಾಲಂಗಳು: ಪ್ರೊಫೈಲ್ ಗುರುತು, ವಿಡಿಯೋ ಗುರುತು, ಪೊಸಿಷನ್, ಒಟ್ಟು ಅವಧಿ, ಮುಗಿದಿದೆಯೇ, ಕೊನೆಗೆ ಬದಲಾದ ಸಮಯ. ಮೊದಲ ಎರಡು ಸೇರಿ ಪ್ರೈಮರಿ ಕೀ. ಪ್ರೊಫೈಲ್ ಬಿಟ್ಟರೆ ಅಜ್ಜ ನೋಡಿದ ಜಾಗದಿಂದ ಮೊಮ್ಮಗ ಶುರು ಮಾಡುತ್ತಾನೆ. ಪ್ಲೇವೆನ್‌ರೆಡಿಗೆ ಇಲ್ಲಿ ಜಾಗವಿಲ್ಲ, ಅದು ಬಂಡಲ್‌ನಲ್ಲಿದ್ದರೆ ಸಾಕು. ಬರೆಯುವಾಗ ಅಪ್‌ಸರ್ಟ್ ಬಳಸಿ, ಸಾಲು ಇದ್ದರೆ ಅದು ಬದಲಿಸುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ.

ಬರೆಯುವ ಕೊರುಟೀನ್ ಯಾವ ಸ್ಕೋಪ್‌ನಲ್ಲಿ, ಅಂದರೆ ಯಾರ ಆಯುಷ್ಯಕ್ಕೆ ಅಂಟಿಕೊಂಡು ಓಡುತ್ತದೆ ಎಂಬುದನ್ನು ನೋಡಿ. ವ್ಯೂಮಾಡೆಲ್‌ಸ್ಕೋಪ್‌ನಲ್ಲಿ ಇಟ್ಟರೆ, ಬ್ಯಾಕ್ ಒತ್ತಿದ ಕೂಡಲೇ ವ್ಯೂಮಾಡೆಲ್ ತೆರವಾಗಿ ಬರೆಯುವ ಕೆಲಸವೂ ಅರ್ಧಕ್ಕೇ ರದ್ದಾಗಬಹುದು. ಕೊನೆಯ ಆ ಒಂದು ಬರಹವೇ ಎಲ್ಲಕ್ಕಿಂತ ಮುಖ್ಯವಾದದ್ದು. ಆ್ಯಪ್ ಇರುವಷ್ಟು ಹೊತ್ತು ಬದುಕುವ ಸ್ಕೋಪ್ ಒಂದನ್ನು ಅಪ್ಲಿಕೇಷನ್ ಕ್ಲಾಸ್‌ನಲ್ಲಿ ಇಟ್ಟುಕೊಂಡು ಅದರಲ್ಲಿ ಬರೆಸಿ.

ಪ್ಲೇಲಿಸ್ಟ್ ಇದ್ದರೆ ಇನ್ನೊಂದು ಸೂಕ್ಷ್ಮ. ಒಂದು ವಿಡಿಯೋದಿಂದ ಇನ್ನೊಂದಕ್ಕೆ ದಾಟಿದಾಗ ಆನ್‌ಮೀಡಿಯಾಐಟಂಟ್ರಾನ್ಸಿಷನ್ ಬರುತ್ತದೆ. ಅಷ್ಟರಲ್ಲಿ ಪ್ಲೇಯರ್ ಹೊಸ ವಿಡಿಯೋಗೆ ಹೋಗಿಯಾಗಿದೆ, ಹಳೆಯದರ ಜಾಗ ಕೇಳಿದರೆ ಸಿಗದು. ಆನ್‌ಪೊಸಿಷನ್‌ಡಿಸ್‌ಕಂಟಿನ್ಯುಯಿಟಿ ಕಾಲ್‌ಬ್ಯಾಕ್ ಹಳೆಯ ಜಾಗ, ಹೊಸ ಜಾಗ ಎರಡನ್ನೂ ಕೈಗೆ ಕೊಡುತ್ತದೆ. ನೋಡುಗರು ವಿಡಿಯೋದ ಕೆಳಗಿನ ಸೀಕ್ ಬಾರ್ ಎಳೆದು ಮುಂದಕ್ಕೆ ಹೋದಾಗಲೂ ಇದೇ ಬರುತ್ತದೆ. ಅಲ್ಲೂ ಒಮ್ಮೆ ನೆನಪಿಟ್ಟುಬಿಡಿ.

ಈಗ ನನ್ನ ಎರಡನೇ ತಪ್ಪಿನ ಕಥೆ. ಡಿಸ್ಕ್‌ಗೆ ಬರೆಯುವುದೆಲ್ಲ ಸರಿಯಾದ ಮೇಲೂ ಕೆಲವರಿಗೆ ಜಾಗ ಸೊನ್ನೆಯಾಗುತ್ತಿತ್ತು. ಹುಡುಕಿ ಹುಡುಕಿ ಸಾಕಾಯಿತು. ಆಗುತ್ತಿದ್ದದ್ದು ಇಷ್ಟು: ಪ್ಲೇಯರ್ ಸೊನ್ನೆಯಿಂದ ಶುರುವಾಗುತ್ತಿತ್ತು, ಹಳೆಯ ಜಾಗ ಡೇಟಾಬೇಸ್‌ನಿಂದ ಅರೆಕ್ಷಣ ಬಿಟ್ಟು ಬರುತ್ತಿತ್ತು. ಆ ಅರೆಕ್ಷಣದಲ್ಲಿ ಯಾರಾದರೂ ಬ್ಯಾಕ್ ಒತ್ತಿದರೆ "ನೆನಪಿಡು" ತನ್ನ ಕರ್ತವ್ಯ ಮಾಡುತ್ತಿತ್ತು. ನಾಲ್ಕು ಗಂಟೆಯ ಮೇಲೆ ಸೊನ್ನೆ ಬರೆದುಬಿಡುತ್ತಿತ್ತು. ಕೈತಪ್ಪಿ ಒತ್ತಿ ಕೂಡಲೇ ಹೊರಬಂದವರಿಗೆಲ್ಲ ಇದೇ ಪಾಡು.

ಅದಕ್ಕೆ ಎರಡು ಬೇಲಿ ಹಾಕಿ. ಡೇಟಾಬೇಸ್ ಉತ್ತರ ಬರುವವರೆಗೆ ಪ್ಲೇಯರನ್ನು ಸಿದ್ಧಪಡಿಸಲೇಬೇಡಿ. "ಮರಳಿಸಿ ಆಯಿತು" ಎಂಬ ಒಂದು ಬೂಲಿಯನ್ ಇಟ್ಟು, ಅದು ನಿಜವಾಗುವವರೆಗೆ "ನೆನಪಿಡು" ಬಾಗಿಲಿನಲ್ಲೇ ತಿರುಗಿ ಹೋಗುವಂತೆ ಮಾಡಿ.

ಹೆಜ್ಜೆ 5: ಮರಳಿ ತನ್ನಿ

ಮರಳಿಸುವಾಗ ಮೊದಲು ಸೇವ್ಡ್‌ಸ್ಟೇಟ್‌ಹ್ಯಾಂಡಲ್ ನೋಡಿ. ಅಲ್ಲಿ ಅದೇ ವಿಡಿಯೋದ ಜಾಗ ಇದ್ದರೆ ಅದೇ ಸರಿ. ಇಲ್ಲದಿದ್ದರೆ ರೂಮ್. ಅಲ್ಲೂ ಇಲ್ಲದಿದ್ದರೆ ಸೊನ್ನೆ.

ಪ್ರಿಪೇರ್ ಮಾಡಿ, ಆಮೇಲೆ ಸೀಕ್‌ಟು ಮಾಡುವುದು ಸಾಮಾನ್ಯ ರೂಢಿ. ಕೆಲಸ ಆಗುತ್ತದೆ, ಆದರೆ ದುಂದು. ಪ್ಲೇಯರ್ ಮೊದಲು ವಿಡಿಯೋದ ಆರಂಭದ ತುಂಡನ್ನು ಇಳಿಸಿಕೊಳ್ಳಲು ಹೊರಡುತ್ತದೆ, ಆಮೇಲೆ ಅದನ್ನು ಬಿಸಾಕಿ ನಾಲ್ಕನೇ ಗಂಟೆಗೆ ಹಾರುತ್ತದೆ. ನೋಡುಗರ ಡೇಟಾ ಸುಮ್ನೆ ಪೋಲು. ಕೆಲವೊಮ್ಮೆ ಮೊದಲ ಫ್ರೇಮ್ ಮಿಂಚಿ ಮಾಯವಾಗುವುದೂ ಕಾಣುತ್ತದೆ. ಸೆಟ್‌ಮೀಡಿಯಾಐಟಂಗೆ ಎರಡನೇ ಮೌಲ್ಯವಾಗಿ ಶುರುವಾಗಬೇಕಾದ ಮಿಲಿಸೆಕೆಂಡ್ ಕೊಡಬಹುದು. ಅದನ್ನು ಕೊಟ್ಟು ನಂತರ ಪ್ರಿಪೇರ್ ಕರೆಯಿರಿ. ಪ್ಲೇಲಿಸ್ಟ್ ಆದರೆ ಸೆಟ್‌ಮೀಡಿಯಾಐಟಮ್ಸ್‌ಗೆ ಪಟ್ಟಿ, ಎಷ್ಟನೆಯದು, ಎಷ್ಟನೇ ಮಿಲಿಸೆಕೆಂಡ್ ಈ ಮೂರನ್ನೂ ಕೊಡಬಹುದು. ಆ "ಎಷ್ಟನೆಯದು" ಎಂಬುದನ್ನು ಮೀಡಿಯಾಐಡಿ ಹುಡುಕಿ ಆಗಲೇ ಲೆಕ್ಕ ಹಾಕಿ.

ಸ್ವಲ್ಪ ಹಿಂದಿನಿಂದ ಶುರು ಮಾಡಿ. ತಿರುಗಿಸಿದ್ದಕ್ಕೆ ಹಿಂದೆ ಹೋಗುವುದು ಬೇಡ. ಅರ್ಧ ಗಂಟೆ ಬಿಟ್ಟು ಬಂದವರಿಗೆ 3 ಸೆಕೆಂಡ್, ಮರುದಿನ ಬಂದವರಿಗೆ 10 ಸೆಕೆಂಡ್ ನನಗೆ ಹಿಡಿಸಿದ ಲೆಕ್ಕ. ಭಾಗವತರ ಪದ್ಯದ ನಡುವೆ ದಿಢೀರನೆ ಬಿದ್ದರೆ ತಲೆಬುಡ ತಿಳಿಯುವುದಿಲ್ಲ.

"ಮುಗಿದಿದೆ" ಎಂದು ಯಾವಾಗ ಹೇಳಬೇಕು? ಶೇಕಡಾ 95 ನೋಡಿದರೆ ಮುಗಿದಂತೆ ಎಂಬ ನಿಯಮವನ್ನು ನಾನೂ ಹಾಕಿದ್ದೆ. ಇಪ್ಪತ್ತು ನಿಮಿಷದ ವಿಡಿಯೋಗೆ ಸರಿ, ಉಳಿಯುವುದು ಒಂದು ನಿಮಿಷ. ಏಳು ಗಂಟೆಯ ಆಟಕ್ಕೆ ಲೆಕ್ಕ ಹಾಕಿ, 21 ನಿಮಿಷ! ಕಥೆ ಮುಗಿಯುವ ಘಟ್ಟವೇ ಅದರೊಳಗೆ ಇರುತ್ತದೆ. ಈಗ ನನ್ನ ನಿಯಮ: ಕೊನೆಯ ಶೇಕಡಾ 5 ಅಥವಾ ಕೊನೆಯ 3 ನಿಮಿಷ, ಯಾವುದು ಕಡಿಮೆಯೋ ಅದು. ಮುಗಿದದ್ದನ್ನು ಮತ್ತೆ ತೆರೆದರೆ ಮೊದಲಿನಿಂದ. ಅವಧಿ ಇನ್ನೂ ತಿಳಿಯದಿದ್ದಾಗ ಡ್ಯುರೇಷನ್ ಟೈಮ್‌ಅನ್‌ಸೆಟ್ ಎಂಬ ದೊಡ್ಡ ಋಣ ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಭಾಗಾಕಾರಕ್ಕೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸಿ.

ನೆಟ್‌ವರ್ಕ್ ಹೋಗಿ ಎರರ್ ಬಂದಾಗ ಹೊಸ ಪ್ಲೇಯರ್ ಕಟ್ಟುವ ಅಗತ್ಯವಿಲ್ಲ. ಜಾಗ ಅದರಲ್ಲೇ ಇರುತ್ತದೆ. "ಮತ್ತೆ ಪ್ರಯತ್ನಿಸಿ" ಗುಂಡಿಗೆ ಪ್ರಿಪೇರ್ ಒಂದನ್ನೇ ಕಟ್ಟಿ, ನಿಂತಲ್ಲಿಂದಲೇ ಓಡುತ್ತದೆ.

ಹೆಜ್ಜೆ 6: ಕರೆ, ಹೆಡ್‌ಫೋನ್, ಹಿನ್ನೆಲೆ

ಈಗ ಸದ್ದು ಮಾಡುವ ಸರದಿ ಯಾವ ಆ್ಯಪ್‌ನದು ಎಂಬುದೇ ಆಡಿಯೋ ಫೋಕಸ್. ಅದರ ಕೋಡನ್ನು ನೀವೇ ಬರೆಯಬೇಡಿ. ಸೆಟ್‌ಆಡಿಯೋಆಟ್ರಿಬ್ಯೂಟ್ಸ್ ಕರೆಯುವಾಗ ಎರಡನೇ ಮೌಲ್ಯ ಟ್ರೂ ಕೊಟ್ಟರೆ ಎಕ್ಸೊಪ್ಲೇಯರೇ ನೋಡಿಕೊಳ್ಳುತ್ತದೆ. ಫೋಕಸ್ ಸ್ವಲ್ಪ ಹೊತ್ತಿಗೆ ಮಾತ್ರ ಬೇರೆಯವರ ಕೈಗೆ ಹೋದರೆ ಪ್ಲೇವೆನ್‌ರೆಡಿ ಟ್ರೂ ಆಗಿಯೇ ಇದ್ದು ಆಟ ಮಾತ್ರ ತಡೆದು ನಿಲ್ಲುತ್ತದೆ, ವಾಪಸ್ ಬಂದಾಗ ತಾನಾಗಿ ಓಡುತ್ತದೆ. ಶಾಶ್ವತವಾಗಿ ಹೋದರೆ ಪಾಸ್ ಆಗುತ್ತದೆ. ಹೆಡ್‌ಫೋನ್ ಕಿತ್ತರೆ ನಿಲ್ಲಲು ಸೆಟ್‌ಹ್ಯಾಂಡಲ್‌ಆಡಿಯೋಬಿಕಮಿಂಗ್‌ನಾಯ್ಸಿ ಇದೆ.

ಪರದೆ ಆರಿಸಿ ಬರೀ ಕೇಳುವವರು ಯಕ್ಷಗಾನಕ್ಕೆ ಜಾಸ್ತಿ. ಅದಕ್ಕೆ ಪ್ಲೇಯರ್ ವ್ಯೂಮಾಡೆಲ್‌ನಲ್ಲಿ ಇರಬಾರದು, ಪರದೆ ಇಲ್ಲದೆಯೂ ಓಡುವ ಮೀಡಿಯಾಸೆಷನ್‌ಸರ್ವಿಸ್‌ನಲ್ಲಿ ಇರಬೇಕು. ಆಕ್ಟಿವಿಟಿ ಮೀಡಿಯಾಕಂಟ್ರೋಲರ್ ಮೂಲಕ ಮಾತಾಡುತ್ತದೆ. ಆಗ "ನೆನಪಿಡು" ಕೂಡ ಸರ್ವಿಸ್‌ಗೇ ಹೋಗಬೇಕು, ಆಕ್ಟಿವಿಟಿ ಸತ್ತರೂ ಆಟ ನಡೆಯುತ್ತಿರುತ್ತದಲ್ಲ. ಆಂಡ್ರಾಯ್ಡ್ 14ನ್ನು ಟಾರ್ಗೆಟ್ ಮಾಡುವವರು ಮ್ಯಾನಿಫೆಸ್ಟ್‌ನಲ್ಲಿ ಮೀಡಿಯಾಪ್ಲೇಬ್ಯಾಕ್ ಬಗೆಯ ಫೋರ್‌ಗ್ರೌಂಡ್ ಸರ್ವಿಸ್ ಎಂದು ಹೇಳಿ, ಅದರ ಅನುಮತಿಯನ್ನೂ ಬರೆಯಬೇಕು. ಸೆಷನ್‌ನ ಆನ್‌ಪ್ಲೇಬ್ಯಾಕ್‌ರಿಸಂಪ್ಷನ್ ಕಾಲ್‌ಬ್ಯಾಕ್‌ಗೆ ರೂಮ್‌ನಿಂದ ಕೊನೆಯ ವಿಡಿಯೋ ಮತ್ತು ಜಾಗ ಓದಿ ಕೊಟ್ಟರೆ, ಆಂಡ್ರಾಯ್ಡ್ 11ರಿಂದ ಮುಂದಿನ ಫೋನುಗಳಲ್ಲಿ ನೋಟಿಫಿಕೇಷನ್ ಪಟ್ಟಿಯಿಂದಲೇ ಮುಂದುವರಿಸಬಹುದು.

ಹೆಜ್ಜೆ 7: ಇನ್ನೊಂದು ಸಾಧನಕ್ಕೆ ದಾಟಿಸಿ

ಸರ್ವರ್‌ಗೆ 5 ಸೆಕೆಂಡ್‌ಗೊಮ್ಮೆ ಕಳಿಸಬೇಡಿ. ಪಾಸ್ ಆದಾಗ, ನಿಂತಾಗ, ನಡುವೆ ನಿಮಿಷಕ್ಕೊಮ್ಮೆ ಸಾಕು. ನೆಟ್‌ವರ್ಕ್ ಇಲ್ಲದಿದ್ದರೆ ರೂಮ್‌ನಲ್ಲಿ "ಕಳಿಸಬೇಕು" ಎಂದು ಗುರುತು ಹಾಕಿ, ವರ್ಕ್‌ಮ್ಯಾನೇಜರ್‌ಗೆ ನೆಟ್‌ವರ್ಕ್ ಬಂದಾಗ ಕಳಿಸು ಎಂದು ಒಪ್ಪಿಸಿ.

ಎರಡು ಸಾಧನಗಳು ಬೇರೆ ಬೇರೆ ಜಾಗ ಹೇಳಿದರೆ ಯಾವುದನ್ನು ನಂಬುವುದು? ದೊಡ್ಡ ಸಂಖ್ಯೆ ಗೆಲ್ಲಲಿ ಎನ್ನುವವರು ಬಹಳ. ಫೋನಿನಲ್ಲಿ ಮೂರನೇ ಗಂಟೆಯವರೆಗೆ ನೋಡಿದವರು ಟಿವಿಯಲ್ಲಿ ಮನೆಯವರ ಜೊತೆ ಮೊದಲಿನಿಂದ ಶುರು ಮಾಡಿದರು ಎನ್ನಿ. ಇಪ್ಪತ್ತನೇ ನಿಮಿಷದಲ್ಲಿ ನಿಲ್ಲಿಸಿದರು. ಈಗ ಅವರಿಗೆ ಬೇಕಾದದ್ದು ಇಪ್ಪತ್ತು ನಿಮಿಷ, ಮೂರು ಗಂಟೆಯಲ್ಲ. ಕೊನೆಗೆ ನೋಡಿದ್ದೇ ಗೆಲ್ಲಬೇಕು.

ಆದರೆ "ಕೊನೆಗೆ" ಎಂದು ಹೇಳುವ ಗಡಿಯಾರ ಯಾರದು? ಫೋನಿನ ದಿನಾಂಕವನ್ನು ಯಾರು ಬೇಕಾದರೂ ಬದಲಿಸಬಹುದು. ಸರ್ವರ್‌ಗೆ ತಲುಪಿದ ಹೊತ್ತನ್ನೇ ಹಿಡಿದರೆ, ನೆಟ್‌ವರ್ಕ್ ಇಲ್ಲದೆ ಎರಡು ದಿನ ಕೂತಿದ್ದ ಹಳೆಯ ಜಾಗ ಇವತ್ತು ಬಂದು ಗೆದ್ದುಬಿಡುತ್ತದೆ. ನಾನು ಫೋನಿನಿಂದ ಸಮಯ ಕಳಿಸುವುದಿಲ್ಲ, "ಇದು ಎಷ್ಟು ಸೆಕೆಂಡ್ ಹಿಂದೆ ಆದದ್ದು" ಎಂದು ಕಳಿಸುತ್ತೇನೆ. ಸಿಸ್ಟಂಕ್ಲಾಕ್‌ನ ಎಲ್ಯಾಪ್ಸ್ಡ್‌ರಿಯಲ್‌ಟೈಮ್ ದಿನಾಂಕ ಬದಲಿಸಿದರೂ ಕದಲುವುದಿಲ್ಲ. ಸರ್ವರ್ ತನ್ನ ಗಡಿಯಾರದಿಂದ ಅಷ್ಟನ್ನು ಕಳೆಯುತ್ತದೆ. ಫೋನ್ ರೀಸ್ಟಾರ್ಟ್ ಆದರೆ ಆ ಎಣಿಕೆ ಸೊನ್ನೆಗೆ ಹೋಗುತ್ತದೆ, ಆಗ ಮಾತ್ರ ಫೋನಿನ ಗಡಿಯಾರವನ್ನು ನಂಬಬೇಕಾಗುತ್ತದೆ.

ಇನ್ನೊಂದು ಸಾಧನದ ಜಾಗ ತುಂಬ ದೂರ ಇದ್ದರೆ ತಾನಾಗಿ ಹಾರಬೇಡಿ, ಕೇಳಿ. "ಟಿವಿಯಲ್ಲಿ 20 ನಿಮಿಷದವರೆಗೆ ನೋಡಿದ್ದೀರಿ. ಅಲ್ಲಿಂದ ಶುರು ಮಾಡಲೇ?"

ಸರ್ವರ್ ಇಲ್ಲದ ಸಣ್ಣ ಆ್ಯಪ್ ಆದರೆ ಆಂಡ್ರಾಯ್ಡ್‌ನ ಆಟೋ ಬ್ಯಾಕಪ್ ಒಂದಿಷ್ಟು ಕೈಹಿಡಿಯುತ್ತದೆ. ಒಂದು ಆ್ಯಪ್‌ಗೆ 25 ಎಂಬಿವರೆಗೆ ಜಾಗ ಇದೆ, ನಮ್ಮ ಟೇಬಲ್‌ಗೆ ಧಾರಾಳ. ಹೊಸ ಫೋನಿಗೆ ಹೋದವರಿಗೆ ಹಳೆಯ ಜಾಗ ಸಿಗುವ ಸಾಧ್ಯತೆ ಇರುತ್ತದೆ.

ಐಫೋನ್ ಕಡೆ ಒಂದು ನೋಟ

ಐಓಎಸ್‌ನಲ್ಲಿ ತಿರುಗಿಸಿದರೆ ಪರದೆ ಸಾಯುವುದಿಲ್ಲ. ಆದರೆ ಹಿನ್ನೆಲೆಯಲ್ಲಿ ಮಲಗಿದ ಆ್ಯಪನ್ನು ಅದೂ ಹೇಳದೆ ಕೊಲ್ಲುತ್ತದೆ. ಎವಿಪ್ಲೇಯರ್‌ನ ಆಡ್‌ಪೀರಿಯಾಡಿಕ್‌ಟೈಮ್‌ಅಬ್ಸರ್ವರ್‌ನಲ್ಲಿ ಆಗಾಗ, ಹಿನ್ನೆಲೆಗೆ ಹೋಗುವಾಗ ಒಮ್ಮೆ ಉಳಿಸಿ. ಮರಳಿಸುವಾಗ ಬರೀ ಸೀಕ್ ಕರೆದರೆ ವೇಗಕ್ಕಾಗಿ ಅದು ಹೇಳಿದ ಜಾಗದ ಆಚೀಚೆ ಇಳಿಯಬಹುದು. ನಿಖರವಾಗಿ ಬೇಕಾದರೆ ಮುಂದಿನ, ಹಿಂದಿನ ಟಾಲರೆನ್ಸ್ ಎರಡನ್ನೂ ಝೀರೋ ಕೊಡಿ. ಎಕ್ಸೊಪ್ಲೇಯರ್ ಇದಕ್ಕೆ ತಿರುಗುಮುರುಗು, ಅದು ಸಹಜವಾಗಿಯೇ ನಿಖರವಾಗಿ ಹಾರುತ್ತದೆ. ಫ್ಲಟರ್, ರಿಯಾಕ್ಟ್ ನೇಟಿವ್ ಬಳಸುವವರಿಗೂ ಸಾವುಗಳು ಇವೇ. ಡಿಸ್ಕ್‌ಗೆ ಬರೆಯುವ ಹೆಜ್ಜೆ ಅವರಿಗೂ ತಪ್ಪದು.

ಹೆಜ್ಜೆ 8: ಕೊಂದು ನೋಡಿ

ಪರೀಕ್ಷೆಗೆ 2 ಜಿಬಿ ರ‍್ಯಾಮ್ ಇರುವ ಎಮ್ಯುಲೇಟರ್ ಒಂದನ್ನು ಮಾಡಿಟ್ಟುಕೊಳ್ಳಿ. ನಂತರ ಒಂದೊಂದೇ ಸಾವು ಕೊಡಿ.

ಮೊದಲು ತಿರುಗಿಸಿ. ಬಫರ್ ಆಗುತ್ತಿರುವಾಗಲೂ ತಿರುಗಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ಬದಲಿಸಿ ಬನ್ನಿ.

ಡೆವಲಪರ್ ಆಯ್ಕೆಗಳಲ್ಲಿ ಆಕ್ಟಿವಿಟಿಗಳನ್ನು ಇಟ್ಟುಕೊಳ್ಳಬೇಡ ಎಂಬ ಸ್ವಿಚ್ ಇದೆ. ಅದನ್ನು ಹಾಕಿದರೆ ಹಿಂದೆ ಹೋದ ಆಕ್ಟಿವಿಟಿ ಕೂಡಲೇ ಸಾಯುತ್ತದೆ. ಉಪಯುಕ್ತ, ಆದರೆ ಪ್ರಾಸೆಸ್ ಬದುಕಿಯೇ ಇರುತ್ತದೆ. ಸಿಂಗಲ್‌ಟನ್‌ನಲ್ಲಿ ಜಾಗ ಬಚ್ಚಿಟ್ಟಿದ್ದರೆ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ನಿಜವಾದ ಪರೀಕ್ಷೆ ಇದು: ವಿಡಿಯೋ ಓಡಿಸಿ, ಹೋಂ ಒತ್ತಿ, ಕಂಪ್ಯೂಟರ್‌ನ ಟರ್ಮಿನಲ್‌ನಲ್ಲಿ, ಫೋನಿಗೆ ಆಜ್ಞೆ ಕೊಡುವ ಎಡಿಬಿ ಮೂಲಕ, ಎಡಿಬಿ ಶೆಲ್ ಎಎಂ ಕಿಲ್ ಎಂದು ಬರೆದು ಪ್ಯಾಕೇಜ್ ಹೆಸರು ಕೊಡಿ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆಯಿರಿ. ಕಿಲ್ ಬದಲು ಫೋರ್ಸ್‌ಸ್ಟಾಪ್ ಕೊಟ್ಟರೆ ಬಂಡಲ್ ಕೂಡ ಹೋಗುತ್ತದೆ, ಅಂದರೆ ಪರೀಕ್ಷೆಯಾಗುವುದು ಮೂರನೇ ಸಾವು. ಎರಡನ್ನೂ ಬೇರೆ ಬೇರೆಯಾಗಿ ಮಾಡಿ. ಹಿನ್ನೆಲೆಯಲ್ಲಿ ಆಟ ನಡೆಸುವ ಫೋರ್‌ಗ್ರೌಂಡ್ ಸರ್ವಿಸ್ ಓಡುತ್ತಿದ್ದರೆ ಕಿಲ್ ಆಜ್ಞೆ ಕೆಲಸ ಮಾಡುವುದಿಲ್ಲ, ಅದು ಕೊಂದರೂ ನೋಡುಗರಿಗೆ ತೊಂದರೆಯಾಗದ ಪ್ರಾಸೆಸ್‌ಗಳನ್ನು ಮಾತ್ರ ಮುಟ್ಟುತ್ತದೆ.

ಪ್ರತಿ ಸಲವೂ ಆಂಡ್ರಾಯ್ಡ್ ಸ್ಟುಡಿಯೋದ ಆ್ಯಪ್ ಇನ್‌ಸ್ಪೆಕ್ಷನ್ ತೆರೆದು ಟೇಬಲ್‌ನ ಸಾಲನ್ನು ಕಣ್ಣಾರೆ ನೋಡಿ. ಪರದೆಯಲ್ಲಿ ಸರಿ ಕಂಡು ಡೇಟಾಬೇಸ್‌ನಲ್ಲಿ ಸೊನ್ನೆ ಕೂತಿರುವುದುಂಟು, ಅದು ಮುಂದಿನ ಸಲ ಕಚ್ಚುತ್ತದೆ.

ಕೊನೆಗೆ ಅರ್ಧ ನೋಡಿದ ವಿಡಿಯೋ ಒಂದನ್ನು ತೆರೆದು, ಚಿತ್ರ ಬರುವ ಮೊದಲೇ ಬ್ಯಾಕ್ ಒತ್ತಿ. ಹತ್ತು ಸಲ ಹೀಗೆ ಮಾಡಿ. ಹನ್ನೊಂದನೇ ಸಲ ತೆರೆದು ಕಾಯಿರಿ. ಅದು ಚೌಕಿ ಪೂಜೆಯಿಂದ ಶುರುವಾದರೆ ನಾಲ್ಕನೇ ಹೆಜ್ಜೆಯ ಬೇಲಿ ಎಲ್ಲೋ ಮುರಿದಿದೆ.